ನೆಲದಾಳದಲ್ಲಿ ಹೂತುಹೋದ ನದಿ

ಪ್ರಶ್ನೆ: ಅನಿಲ ತುಂಬಿದ ಆಳದ ಬಂಡೆಯಲ್ಲಿ ಹಿಂದೆ ನದಿ ಹರಿದಿದ್ದ ಜಾಡನ್ನು ಹೇಗೆ ಗುರುತಿಸುತ್ತಾರೆ?

ಉತ್ತರ: ವಾಯವ್ಯ ಆಸ್ಟ್ರೇಲಿಯಾದ ಕಡಲಾಚೆಯ ಗಾರ್ಗನ್ ಅನಿಲ ಕ್ಷೇತ್ರವನ್ನೇ ನೋಡಿ. ಅಲ್ಲಿ ಅನಿಲವಿರುವುದು 20 ಕೋಟಿ ವರ್ಷಕ್ಕೂ ಹಿಂದಿನ ನದಿಗಳು ತಂದು ಸುರಿದ ಮರಳುಗಲ್ಲಿನಲ್ಲಿ. ಆ ಬಂಡೆ ಸರಣಿಯ ಹೆಸರು ಮುಂಗಾರೂ (ನಮ್ಮ ಮುಂಗಾರಿಗೂ ಅದಕ್ಕೂ ನಂಟಿಲ್ಲ).

ಮೊದಲು ಬಾವಿಯ ಗಾಮಾ ಲಾಗ್ (ಬಂಡೆಯ ಸಹಜ ವಿಕಿರಣವನ್ನು ಆಳಕ್ಕೆ ತಕ್ಕಂತೆ ಅಳೆದ ದಾಖಲೆ) ನೋಡಬೇಕು. ಜೇಡಿಯಲ್ಲಿ ಪೊಟ್ಯಾಸಿಯಂ, ಥೋರಿಯಂ ಹೆಚ್ಚು, ಹಾಗಾಗಿ ರೀಡಿಂಗ್ ಏರುತ್ತದೆ; ಶುದ್ಧ ಮರಳಿನಲ್ಲಿ ಇಳಿಯುತ್ತದೆ. ಅಂಕುಡೊಂಕಾಗಿ ಹರಿದ ನದಿಯ ಮರಳಿನ ಕಣಗಳು ಬುಡದಲ್ಲಿ ದಪ್ಪ, ಮೇಲೆ ಹೋದಂತೆ ನುಣುಪು. ಲಾಗ್‌ನಲ್ಲಿ ಗಂಟೆಯಾಕಾರ ಮೂಡುತ್ತದೆ. ಹಲವು ಕವಲಾಗಿ ಹರಿದದ್ದಾದರೆ ಸಾಮಾನ್ಯವಾಗಿ ಪೆಟ್ಟಿಗೆಯಾಕಾರ. ಪೊಟ್ಯಾಸಿಯಂ ಇರುವ ಖನಿಜಗಳಾದ ಫೆಲ್ಡ್‌ಸ್ಪಾರ್, ಅಭ್ರಕ ಬೆರೆತ ಮರಳು ಜೇಡಿಯಂತೆಯೇ ಕಾಣಿಸಿ ಮೋಸ ಮಾಡುತ್ತದೆ. ಆದ್ದರಿಂದ ಬಂಡೆಯ ಸಾಂದ್ರತೆ ತೋರುವ ಲಾಗ್ ಮತ್ತು ಅದರೊಳಗಿನ ಹೈಡ್ರೋಜನ್ ಪ್ರಮಾಣ ತೋರುವ ನ್ಯೂಟ್ರಾನ್ ಲಾಗ್ ಜೊತೆಗಿಟ್ಟೇ ಓದಬೇಕು. ಕೋರ್ (ಬಾವಿಯಿಂದ ಕೊರೆದು ತೆಗೆದ ಬಂಡೆಯ ಉರುಳೆ) ಸಿಕ್ಕರಂತೂ ಅನುಮಾನ ಬಹುಪಾಲು ಕಳೆಯುತ್ತದೆ: ಕೊರೆದುಹೋದ ತಳ, ಅದರ ಮೇಲೆ ಹರಿದು ಬಂದ ಜೇಡಿಯುಂಡೆಗಳು, ಓರೆ ಪದರಗಳು.

ಬಾವಿಗಳ ನಡುವಿನ ಜಾಗಕ್ಕೆ 3ಡಿ ಸೀಸ್ಮಿಕ್ ಬೇಕು, ಅಂದರೆ ನೆಲದೊಳಗೆ ಕಳಿಸಿದ ಕಂಪನದ ಅಲೆಗಳ ಪ್ರತಿಫಲನದಿಂದ ಕಟ್ಟಿದ ಮೂರು ಆಯಾಮದ ಚಿತ್ರ. ಆ ಚಿತ್ರವನ್ನು ನೇರ ಸಮತಲವಾಗಿ ಕತ್ತರಿಸಬೇಡಿ. ಪದರ ವಾಲಿದ್ದರೆ ಬೇರೆ ಬೇರೆ ಕಾಲದ ನದಿಗಳು ಒಂದೇ ಚಿತ್ರದಲ್ಲಿ ಕಲಸಿಹೋಗುತ್ತವೆ. ಗುರುತಿನ ಪದರವೊಂದನ್ನು ಚಪ್ಪಟೆ ಮಾಡಿಕೊಂಡು, ಅದಕ್ಕೆ ಸಮಾನಾಂತರವಾಗಿ ಕತ್ತರಿಸಿದರೆ ಹಾವಿನಂಥ ತಿರುವುಗಳು ಎದ್ದು ಕಾಣುತ್ತವೆ. ಆದರೆ ಇದಕ್ಕೂ ಮಿತಿಯಿದೆ. ತರಂಗದ ವೇಗ ಸೆಕೆಂಡಿಗೆ 3,600 ಮೀಟರ್, ಆವರ್ತನ 30 ಹರ್ಟ್ಸ್ ಎಂದುಕೊಳ್ಳಿ. ತರಂಗಾಂತರ 120 ಮೀಟರ್, ಅದರ ಕಾಲುಭಾಗ 30. ಅದಕ್ಕಿಂತ ತೆಳು ಮರಳಿನ ಮೇಲ್ಮೈ, ತಳ ಬೇರೆಬೇರೆಯಾಗಿ ಕಾಣವು.

ದೊಡ್ಡ ತಪ್ಪಾಗುವುದು ಕಡೆಯಲ್ಲಿ: ಕಲ್ಲಿದ್ದಲ ಪದರದ ಜೋರು ಪ್ರತಿಫಲನವನ್ನು ಮರಳೆಂದುಕೊಳ್ಳುವುದು, ಇಲ್ಲವೇ ನದಿ ಬಿಟ್ಟುಹೋದ, ಜೇಡಿ ತುಂಬಿದ ಹಳೆಯ ಪಾತ್ರಕ್ಕೆ ಬಾವಿ ಇಳಿಸುವುದು.