ಕೆನಡಾದ ಮೊದಲ ಮಹಿಳಾ ಪ್ರೀಮಿಯರ್: ರೀಟಾನಾ, ಕ್ಯಾಥರೀನಾ?

ಕೆನಡಾದ ಮೊದಲ ಮಹಿಳಾ ಪ್ರೀಮಿಯರ್ (ಪ್ರಾಂತ್ಯ ಸರ್ಕಾರದ ಮುಖ್ಯಸ್ಥೆ) ಯಾರು ಅಂತ ಹುಡುಕಿದಾಗ ನಿಮ್ಮ ಪ್ರಬಂಧಕ್ಕೆ ಎರಡು ಹೆಸರು ಸಿಗುತ್ತಿರುವುದಕ್ಕೆ ಬಹುಶಃ "ಮೊದಲ" ಅನ್ನೋ ಪದವೇ ಕಾರಣ. ನಾನೂ ಇಲ್ಲೇ ಎಡವಿದ್ದೆ.

ಮೊದಲು ನಿಮ್ಮ ವಾಕ್ಯ ನೋಡಿಕೊಳ್ಳಿ. "ಹುದ್ದೆಗೇರಿದ" ಅಂತಿದ್ದರೆ ರೀಟಾ ಜಾನ್‌ಸ್ಟನ್. 1991ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಕೊಲಂಬಿಯಾದ ಪ್ರೀಮಿಯರ್ ಆದರು. ಚುನಾವಣೆ ಗೆದ್ದಲ್ಲ, ಹಿಂದಿದ್ದ ಪ್ರೀಮಿಯರ್ ವ್ಯಾಂಡರ್ ಝಾಮ್ ಹಗರಣದಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟಿದ್ದರಿಂದ. ಆ ಹಗರಣದ ಭಾರ ರೀಟಾ ತಲೆಗೆ ಬಂತು, ಪಾಪ. ಅಕ್ಟೋಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು, ತಮ್ಮ ಕ್ಷೇತ್ರವನ್ನೂ ಕಳೆದುಕೊಂಡರು.

"ಸಾರ್ವತ್ರಿಕ ಚುನಾವಣೆ ಗೆದ್ದ" ಅಂತಿದ್ದರೆ ಕ್ಯಾಥರೀನ್ ಕಾಲ್‌ಬೆಕ್, ಪ್ರಿನ್ಸ್ ಎಡ್ವರ್ಡ್ ದ್ವೀಪ, 1993. ಅವರ ಪಕ್ಷಕ್ಕೆ 32ರಲ್ಲಿ 31 ಸೀಟು!

ಆಮೇಲೆ ಹೆಸರಿನ ಪಕ್ಕ ಪ್ರಾಂತ್ಯ, ಇಸವಿ ಎರಡೂ ಹಾಕಿ. ಸುಮ್ನೆ "ಮೊದಲ ಮಹಿಳೆ" ಅಂತ ಬಿಡಬೇಡಿ. ಜಾಗ ಇದ್ದರೆ ಇಬ್ಬರನ್ನೂ ಬರೆಯಿರಿ.