ಪತ್ರಕರ್ತರಾಗಿದ್ದ ಅರುಣ್ ಶೌರಿಯವರು ಕೇಂದ್ರ ಸಚಿವರಾದದ್ದು ಹೇಗೆ, ಸಚಿವರಾಗಿ ಅವರು ಮಾಡಿದ್ದೇನು?

1941ರಲ್ಲಿ ಜಲಂಧರ್‌ನಲ್ಲಿ ಜನಿಸಿದ ಶೌರಿಯವರು ಮೂಲತಃ ಅರ್ಥಶಾಸ್ತ್ರಜ್ಞರು. ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ವಿಶ್ವಬ್ಯಾಂಕಿನಲ್ಲಿ ದುಡಿದ ಬಳಿಕ, 1979ರಲ್ಲಿ ಅವರು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯ ಕಾರ್ಯನಿರ್ವಾಹಕ ಸಂಪಾದಕರಾದರು. ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಕಟ್ಟಿದ ಟ್ರಸ್ಟ್‌ಗಳಿಗೆ ಬಂದ ದೇಣಿಗೆಗೂ ಸರ್ಕಾರದ ಸಿಮೆಂಟ್ ಹಂಚಿಕೆಗೂ ಇದ್ದ ನಂಟನ್ನು ಬಯಲಿಗೆಳೆದ ಶೌರಿಯವರ ವರದಿ 1982ರಲ್ಲಿ ಅಂತುಳೆಯವರ ರಾಜೀನಾಮೆಗೆ ದಾರಿಮಾಡಿತು. ಮ್ಯಾಗ್ಸೆಸೆ ಪ್ರಶಸ್ತಿ ದೊರೆತದ್ದೂ ಅದೇ ವರ್ಷ.

1998ರಲ್ಲಿ ಬಿಜೆಪಿಯಿಂದ ರಾಜ್ಯಸಭೆ ಪ್ರವೇಶಿಸಿದ ಶೌರಿಯವರು ವಾಜಪೇಯಿ ಸರ್ಕಾರದಲ್ಲಿ ಸಚಿವರಾಗಿ, ಹೂಡಿಕೆ ಹಿಂತೆಗೆತ (ಸರ್ಕಾರಿ ಸಂಸ್ಥೆಗಳಲ್ಲಿನ ಸರ್ಕಾರದ ಪಾಲನ್ನು ಮಾರುವ) ಖಾತೆಯನ್ನು ನಿರ್ವಹಿಸಿದರು. ಸಂಸ್ಥೆಯ ಆಡಳಿತವನ್ನೇ ಖಾಸಗಿಯವರಿಗೆ ಒಪ್ಪಿಸುವ ಆಯಕಟ್ಟಿನ ಮಾರಾಟವೇ ಅವರ ಮಾರ್ಗವಾಗಿತ್ತು. 2001ರಲ್ಲಿ ಛತ್ತೀಸಗಡದಲ್ಲಿರುವ ಅಲ್ಯೂಮಿನಿಯಂ ಸಂಸ್ಥೆ ಬಾಲ್ಕೊದ ಶೇ 51ರಷ್ಟು ಪಾಲನ್ನು 551.5 ಕೋಟಿ ರೂಪಾಯಿಗೆ ಖಾಸಗಿ ಕಂಪನಿ ಸ್ಟರ್ಲೈಟ್‌ಗೆ ಮಾರಿದಾಗ ಕಾರ್ಮಿಕರು ಮುಷ್ಕರ ಹೂಡಿದರು, ಛತ್ತೀಸಗಡ ಸರ್ಕಾರವೂ ವಿರೋಧಿಸಿತು. ಆದರೆ ಆರ್ಥಿಕ ನೀತಿಯ ತೀರ್ಮಾನದಲ್ಲಿ ತಾನು ಕೈಹಾಕುವುದಿಲ್ಲವೆಂದು ಸುಪ್ರೀಂ ಕೋರ್ಟ್ ಆ ಮಾರಾಟವನ್ನು ಎತ್ತಿಹಿಡಿಯಿತು. 2002ರಲ್ಲಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಟಾಟಾ ಸಮೂಹಕ್ಕೂ, ಪೆಟ್ರೋಕೆಮಿಕಲ್ ಸಂಸ್ಥೆ ಐಪಿಸಿಎಲ್ ರಿಲಯನ್ಸ್‌ಗೂ ಹೋದವು. ಅವರಿಗೆ ನಿಜವಾದ ತಡೆ ಎದುರಾದದ್ದು 2003ರ ಸೆಪ್ಟೆಂಬರ್‌ನಲ್ಲಿ: ಸಂಸತ್ತಿನ ಕಾಯ್ದೆಯ ಮೂಲಕ ರಾಷ್ಟ್ರೀಕರಣಗೊಂಡ ತೈಲ ಕಂಪನಿಗಳಾದ ಎಚ್‌ಪಿಸಿಎಲ್, ಬಿಪಿಸಿಎಲ್‌ಗಳನ್ನು ಆ ಕಾಯ್ದೆಗಳಿಗೆ ತಿದ್ದುಪಡಿ ತಾರದೆ ಮಾರುವಂತಿಲ್ಲವೆಂದು ಅದೇ ನ್ಯಾಯಾಲಯ ಹೇಳಿತು. ಆ ವರ್ಷವೇ ಅವರಿಗೆ ದೂರಸಂಪರ್ಕ ಮತ್ತು ಮಾಹಿತಿ ತಂತ್ರಜ್ಞಾನ ಖಾತೆಯೂ ಬಂದಿತ್ತು.

ನನ್ನ ದೃಷ್ಟಿಯಲ್ಲಿ, ದಾಖಲೆಗಳನ್ನು ಮುಂದಿಟ್ಟು ವಾದಿಸುವ ಸಂಪಾದಕರ ಅಭ್ಯಾಸ ಸಚಿವರಾದ ಮೇಲೂ ಅವರನ್ನು ಬಿಡಲಿಲ್ಲ. 2004ರ ಚುನಾವಣೆಯಲ್ಲಿ ಸರ್ಕಾರ ಸೋತಾಗ ಅವರ ಸಚಿವಾವಧಿ ಮುಗಿಯಿತು. ಮುಂದೆ ಅವರು ಮೋದಿ ಸರ್ಕಾರದ ಕಟು ಟೀಕಾಕಾರರಾದರು.