ಕೋರ್ಸ್ ಮುಗಿಯುತ್ತಿದೆ, ಹೊಸ ಯೂನಿಟ್ ಕರೆಯುತ್ತಿದೆ, ಹೆಂಡತಿಗೆ ದಿನ ತುಂಬುತ್ತಿದೆ

ಪ್ರಶ್ನೆ: ನಾನು ಸೇನೆಯ ಪದಾತಿದಳದಲ್ಲಿ ನಾಯಕ್ ದರ್ಜೆಯವನು, ಬೈಲಹೊಂಗಲ ಕಡೆಯವನು. ಮಧ್ಯಪ್ರದೇಶದ ಮಹೂದ ಸೇನಾ ಶಾಲೆಯಲ್ಲಿ ಕೋರ್ಸ್ ಮೇಲಿದ್ದೇನೆ, ಮೇ 12ಕ್ಕೆ ಮುಗಿಯುತ್ತದೆ. ಆಮೇಲೆ ಜಮ್ಮು ಕಡೆಯ ರಾಷ್ಟ್ರೀಯ ರೈಫಲ್ಸ್ (ಉಗ್ರರ ವಿರುದ್ಧ ಕಾರ್ಯಾಚರಣೆಯ ಪಡೆ) ಬೆಟಾಲಿಯನ್‌ಗೆ ಪೋಸ್ಟಿಂಗ್ ಬಂದಿದೆ. ಹೆಂಡತಿಗೆ ಇದು ಚೊಚ್ಚಲು. ಸವದತ್ತಿಯ ತವರಿನಲ್ಲಿದ್ದಾಳೆ. ಡಾಕ್ಟರ್ ಮೇ 26 ಎಂದಿದ್ದಾರೆ. ಈ ವರ್ಷದ ವಾರ್ಷಿಕ ರಜೆಯಲ್ಲಿ 18 ದಿನ ಜನವರಿಯಲ್ಲೇ ಮುಗಿದಿದೆ. ಜೊತೆಯವರು "ಹೊಸ ಯೂನಿಟ್ ಮುಖ ನೋಡುವ ಮೊದಲೇ ಸೂಟಿ ಕೇಳಿದರೆ ಹೆಸರು ಕೆಡುತ್ತದೆ, ಅಲ್ಲಿ ಹೋಗಿ ಕೇಳು" ಎನ್ನುತ್ತಾರೆ. ಅತ್ತೆಯವರು "ಬಾಣಂತನ ನಾವು ಮಾಡುತ್ತೇವೆ, ನೀವು ಬಂದು ಮಾಡುವುದೇನಿದೆ" ಎನ್ನುತ್ತಾರೆ. ಹೆಂಡತಿ ಏನೂ ಹೇಳುವುದಿಲ್ಲ, ಫೋನಿನಲ್ಲಿ ಸುಮ್ಮನಾಗಿಬಿಡುತ್ತಾಳೆ. ಏನು ಮಾಡಲಿ?

ಉತ್ತರ: ಈಗಲೇ ಕೇಳಿ. ಅಲ್ಲಿ ಹೋಗಿ ಕೇಳುವ ಮಾತು ಬೇಡ. ಹೊಸ ಬೆಟಾಲಿಯನ್‌ನಲ್ಲಿ ನಿಮ್ಮನ್ನು ಬಲ್ಲವರು ಯಾರೂ ಇರುವುದಿಲ್ಲ. ಒಂದು ಸಲಕ್ಕೆ ಇಷ್ಟೇ ಜನ ರಜೆಯ ಮೇಲೆ ಇರಬಹುದೆಂಬ ಲೆಕ್ಕ ಅಲ್ಲಿ ಬಿಗಿ. ಜೊತೆಗೆ, ಹೊಸದಾಗಿ ಬಂದವರನ್ನು ಮೊದಲು ಪ್ರಿ-ಇಂಡಕ್ಷನ್ ತರಬೇತಿಗೆ (ಕಾರ್ಯಾಚರಣೆಗೆ ಇಳಿಸುವ ಮುಂಚಿನ ತರಬೇತಿ) ಕಳಿಸುತ್ತಾರೆ, ಅದರ ನಡುವೆ ಯಾರನ್ನೂ ಬಿಡುವುದಿಲ್ಲ. ಈಗಿನ ಯೂನಿಟ್ ನಿಮ್ಮ ಕೆಲಸ ಕಂಡಿದೆ. ಕೋರ್ಸ್ ಮೇಲಿದ್ದರೂ ನೀವು ಇನ್ನೂ ಅವರ ಹಾಜರಿ ಪುಸ್ತಕದಲ್ಲೇ ಇದ್ದೀರಿ. ಅವರು ನಿಮ್ಮನ್ನು ಎಸ್‌ಒಎಸ್ ಮಾಡುವ, ಅಂದರೆ ತಮ್ಮ ಲೆಕ್ಕದಿಂದ ಹೆಸರು ತೆಗೆಯುವ ತನಕ ರಜೆ ಮಂಜೂರು ಮಾಡುವವರು ಅವರೇ. ಮಹೂದ ಶಾಲೆಯವರನ್ನು ಕೇಳಿದರೆ "ನಿಮ್ಮ ಯೂನಿಟ್ ಬರೆದುಕೊಡಲಿ" ಎಂದೇ ಹೇಳುತ್ತಾರೆ, ಅದರಲ್ಲಿ ಒಂದು ವಾರ ಕಳೆದುಹೋಗುತ್ತದೆ.

ಪಿತೃತ್ವ ರಜೆ 15 ದಿನ. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದವರಿಗೆ ಸಿಗುತ್ತದೆ. ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು ಮಗುವಿಗೆ ಆರು ತಿಂಗಳು ತುಂಬುವುದರೊಳಗೆ ತೆಗೆದುಕೊಳ್ಳಬೇಕು. ಅವಧಿ ದಾಟಿದರೆ ಹೋಯಿತು, ಮುಂದಿನ ವರ್ಷಕ್ಕೆ ಉಳಿಯದು. ಅದು ನಿಮ್ಮ 60 ದಿನದ ವಾರ್ಷಿಕ ರಜೆಯಲ್ಲಿ ಕಳೆಯುವಂಥದ್ದೂ ಅಲ್ಲ.

ಬಹಳ ಜನ ಎಡವುವುದು ದಿನ ಇಡುವುದರಲ್ಲಿ. ಡಾಕ್ಟರ್ ಕೊಟ್ಟ ತಾರೀಖಿಗೆ ಸರಿಯಾಗಿ ಪಿತೃತ್ವ ರಜೆ ಹಾಕುತ್ತಾರೆ. ಚೊಚ್ಚಲು ಹತ್ತು ದಿನ ಮುಂದಕ್ಕೆ ಹೋಗುವುದು ಹೊಸದೇನಲ್ಲ. ಹನ್ನೊಂದನೆಯ ದಿನ ಮಗು ಹುಟ್ಟಿ, ಹದಿನೈದನೆಯ ದಿನ ಟ್ರಂಕು ಕಟ್ಟಬೇಕಾಗುತ್ತದೆ. ಕಾಯುವುದಕ್ಕೆ ವಾರ್ಷಿಕ ರಜೆ ಇಡಿ, ಮಗುವಿಗೆ ಪಿತೃತ್ವ ರಜೆ ಇಡಿ. ನಿಮ್ಮ ಲೆಕ್ಕದಲ್ಲಿ ಮೇ 13ರಿಂದ ಜೂನ್ 1ರವರೆಗೆ 20 ದಿನ ವಾರ್ಷಿಕ, ಜೂನ್ 2ರಿಂದ 16ರವರೆಗೆ 15 ದಿನ ಪಿತೃತ್ವ. ಹೆರಿಗೆ ಎರಡು ವಾರ ತಡವಾಗಿ ಜೂನ್ 9ಕ್ಕೆ ಆದರೂ ನೀವು ಊರಲ್ಲೇ ಇರುತ್ತೀರಿ. ಉಳಿದ 42ರಲ್ಲಿ 20 ಹೋದರೆ ವರ್ಷದ ಕೊನೆಗೆ 22 ದಿನ ಕೈಯಲ್ಲಿರುತ್ತದೆ. ಕ್ಯಾಶುಯಲ್ ಲೀವ್ ಅನ್ನು ಇದಕ್ಕೆ ಜೋಡಿಸಲು ಹೋಗಬೇಡಿ, ಬೇರೆ ರಜೆಯ ಬಾಲಕ್ಕೆ ಅದನ್ನು ಕಟ್ಟಲು ನಿಯಮ ಬಿಡುವುದಿಲ್ಲ.

ಅರ್ಜಿ ಒಂದೇ ಪುಟ ಇರಲಿ. ಕೋರ್ಸ್ ಮುಗಿಯುವ ದಿನ, ಹೆರಿಗೆಯ ತಾರೀಖು, ಎರಡೂ ರಜೆಯ ದಿನಗಳು ಬೇರೆಬೇರೆಯಾಗಿ, ರಜೆಯಲ್ಲಿರುವ ವಿಳಾಸ, ಎರಡು ಫೋನ್ ನಂಬರು. ಜೊತೆಗೆ ತಾಯಿ ಕಾರ್ಡಿನ ಪ್ರತಿ ಮತ್ತು ಸ್ಕ್ಯಾನಿಂಗ್ ರಿಪೋರ್ಟ್. ನಿಮ್ಮ ಈಗಿನ ಯೂನಿಟ್ಟಿನ ಕಂಪನಿಯ ಸೀನಿಯರ್ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಸಾಹೇಬರಿಗೆ ಮೊದಲು ಫೋನ್ ಮಾಡಿ, ಆಮೇಲೆ ಕಾಗದ ಕಳಿಸಿ. ಅವರಿಗೆ ಗೊತ್ತಿಲ್ಲದೆ ಕಂಪನಿ ಕಮಾಂಡರ್ ಮೇಜಿಗೆ ಕಾಗದ ಹೋಗಬಾರದು. ಹೊಸ ಬೆಟಾಲಿಯನ್‌ಗೆ ನೀವು ಯಾವ ದಿನ ಮುಟ್ಟುತ್ತೀರಿ ಎಂಬುದನ್ನು ಈಗಿನ ಯೂನಿಟ್ಟಿನ ಆಡಳಿತ ನೋಡುವ ಅಡ್ಜುಟೆಂಟ್ ಕಚೇರಿಯಿಂದಲೇ ಅಲ್ಲಿಗೆ ತಿಳಿಸಲು ಕೋರಿ, ತರಬೇತಿ ಬ್ಯಾಚ್ ಯಾವಾಗ ಶುರು ಎಂದೂ ಕೇಳಿಸಿ. ಹೆಸರು ಕೆಡುವುದು ರಜೆ ಕೇಳಿದ್ದಕ್ಕಲ್ಲ, ಹೇಳದೆ ತಡವಾಗಿ ಬಂದದ್ದಕ್ಕೆ.

ಕಾಗದ ಕೈಗೆ ಬಂದಾಗ ಮೂರು ಕಡೆ ಕಣ್ಣಾಡಿಸಿ. ಲೀವ್ ಸರ್ಟಿಫಿಕೇಟಿನಲ್ಲಿ 15 ದಿನ "ಪಿತೃತ್ವ" ಎಂದೇ ಬರೆದಿರಬೇಕು. 35 ದಿನವನ್ನೂ ಒಟ್ಟಿಗೆ ವಾರ್ಷಿಕ ಎಂದು ಬರೆದು ಪಾರ್ಟ್ ಟು ಆರ್ಡರ್ (ಸೈನಿಕನ ರಜೆ, ಮದುವೆ, ಮಕ್ಕಳ ವಿವರ ದಾಖಲಿಸುವ ಆದೇಶ) ಹೊರಟರೆ ತಿದ್ದಿಸಲು ತಿಂಗಳುಗಟ್ಟಲೆ ಓಡಾಟ. ರಜೆಯ ಬಾಕಿ ಎಷ್ಟೆಂದು ಕ್ಲರ್ಕ್ ಹತ್ತಿರ ಬರೆಸಿಕೊಳ್ಳಿ, ಹೊಸ ಯೂನಿಟ್ ಅದನ್ನೇ ಕೇಳುತ್ತದೆ. ಮೂವ್‌ಮೆಂಟ್ ಆರ್ಡರ್‌ನಲ್ಲಿ (ಹೊಸ ಯೂನಿಟ್‌ಗೆ ಹೊರಡುವ ಆದೇಶ) ಹಾಜರಾಗಬೇಕಾದ ದಿನ ರಜೆಗೆ ಹೊಂದಬೇಕು. ಅದು ಹಳೆಯ ತಾರೀಖಾಗಿಯೇ ಉಳಿದರೆ, ಕೈಯಲ್ಲಿ ರಜೆ ಇದ್ದೂ ನೀವು ಗೈರುಹಾಜರಿಯವರಾಗುತ್ತೀರಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು 1950ರ ಸೇನಾ ಕಾಯ್ದೆಯ 39ನೇ ಕಲಂ ಪ್ರಕಾರ ಅಪರಾಧ.

ಸಿಸೇರಿಯನ್ ಆದರೆ, ಅಥವಾ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ, ರಜೆ ಮುಗಿಯುವ ಮೊದಲೇ ಡಾಕ್ಟರ್ ಸರ್ಟಿಫಿಕೇಟ್ ಸಮೇತ ವಿಸ್ತರಣೆ ಕೇಳಿ. ಉತ್ತರ ಬರಲಿಲ್ಲ ಎಂದರೆ ಮಂಜೂರಾಯಿತು ಎಂದಲ್ಲ.

ಹುಟ್ಟಿದ 21 ದಿನದೊಳಗೆ ಜನನ ನೋಂದಣಿಯಾಗಬೇಕು. ಮೇ 26ಕ್ಕೆ ಹುಟ್ಟಿದರೆ ಜೂನ್ 16, ನಿಮ್ಮ ರಜೆಯ ಕೊನೆಯ ದಿನ. ಆಸ್ಪತ್ರೆಯವರು ವರದಿ ಕಳಿಸಿದರೋ ಇಲ್ಲವೋ ಡಿಸ್ಚಾರ್ಜ್ ದಿನವೇ ಕೇಳಿ. ನಾಮಕರಣ ಆಗದಿದ್ದರೂ ನೋಂದಣಿ ನಿಲ್ಲುವುದಿಲ್ಲ, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ನಿಮ್ಮಿಬ್ಬರ ಹೆಸರು ಮಾತ್ರ ನಿಮ್ಮ ಸೇನಾ ದಾಖಲೆಯಲ್ಲಿ ಇದ್ದಂತೆಯೇ ಅಕ್ಷರ ಅಕ್ಷರ ಇರಲಿ. ನಮ್ಮ ಕಡೆ ಆಸ್ಪತ್ರೆಯವರು ಇನಿಷಿಯಲ್ ಹಾಕಿ ಮುಗಿಸುತ್ತಾರೆ, ಹೆಂಡತಿಯ ತವರಿನ ಅಡ್ಡಹೆಸರು ಬರೆದುಬಿಡುತ್ತಾರೆ. ಆಮೇಲೆ ರೆಕಾರ್ಡ್ ಆಫೀಸಿನಿಂದ ಮಗುವಿನ ಪಾರ್ಟ್ ಟು ಆರ್ಡರ್ ವಾಪಸ್ ಬರುತ್ತದೆ. ನಿಮ್ಮ ಮದುವೆಯ ಪಾರ್ಟ್ ಟು ಆರ್ಡರ್ ಆಗಿದೆಯೇ ಎಂದು ಈಗಲೇ ನೋಡಿ. ಹೆಂಡತಿಯ ಹೆಸರೇ ದಾಖಲೆಯಲ್ಲಿ ಇಲ್ಲದಿದ್ದರೆ ಮಗುವಿನದು ಹೇಗೆ ಏರೀತು?

ಇನ್ನು ಅತ್ತೆಯವರ ಮಾತು. ಎಣ್ಣೆ-ನೀರು, ಬಾಣಂತಿ ಊಟ, ಸಾಂಬ್ರಾಣಿ ಹೊಗೆ ಅವರು ನೋಡಿಕೊಳ್ಳಲಿ, ಅದು ಅವರ ಮನೆಯ ಹಕ್ಕು. ನಿಮಗೆ ಕೆಲಸ ಇರುವುದು ರಾತ್ರಿ. ಮೊದಲ ವಾರಗಳಲ್ಲಿ ಮಗು ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳುತ್ತದೆ. ಎತ್ತಿ ತಾಯಿಯ ಕೈಗೆ ಕೊಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗಿಸುವುದು, ಒದ್ದೆ ಬಟ್ಟೆ ಬದಲಿಸುವುದು ನಿಮ್ಮ ಪಾಲಿಗಿರಲಿ. ಸೆಂಟ್ರಿ ಡ್ಯೂಟಿಗೆ ಎದ್ದು ರೂಢಿಯಿರುವ ನಿಮಗೆ ಇದು ಕಷ್ಟವಲ್ಲ, ಆಕೆಗೆ ಸಿಗುವ ನಿದ್ದೆ ಮಾತ್ರ ದೊಡ್ಡದು. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಹಾಕಿದ್ದು ತಾಯಿ ಕಾರ್ಡಿನಲ್ಲಿ ಏರಿದೆಯೇ ಎಂದು ನೀವೇ ನೋಡಿ. ಆರು ವಾರದ ಲಸಿಕೆಗೆ ನೀವಿರುವುದಿಲ್ಲ, ಆ ದಿನ ಆಟೊ ಯಾರು ತರುತ್ತಾರೆ ಎಂದು ಹೊರಡುವ ಮೊದಲೇ ಗೊತ್ತು ಮಾಡಿ.

ಹೆಂಡತಿ ಸುಮ್ಮನಾಗುತ್ತಾಳೆ ಎಂದಿರಿ. ಚೊಚ್ಚಲ ಹೆರಿಗೆಯ ಭಯ ಒಂದು ಕಡೆ, ಗಂಡ ರಾಷ್ಟ್ರೀಯ ರೈಫಲ್ಸ್‌ಗೆ ಹೋಗುತ್ತಿರುವ ಭಯ ಇನ್ನೊಂದು ಕಡೆ. "ಬನ್ನಿ" ಎಂದರೆ ನಿಮ್ಮ ನೌಕರಿಗೆ ಅಡ್ಡಿಯಾದೇನೋ ಎಂದು ಬಾಯಿ ಕಟ್ಟಿಕೊಂಡಿರಬಹುದು. "ಬರಲೇ, ಬೇಡವೇ" ಎಂದು ಕೇಳಬೇಡಿ, ಆ ಭಾರ ಆಕೆಯ ಮೇಲೆ ಹೊರಿಸಬೇಡಿ. "ಮೇ 13ರಿಂದ ಕೇಳಿದ್ದೇನೆ, ಮಂಜೂರಾದ ದಿನ ಹೇಳುತ್ತೇನೆ" ಎನ್ನಿ. ಆಮೇಲೆ ಫೋನ್ ಇಡದೆ ಸ್ವಲ್ಪ ಹೊತ್ತು ಕಾಯಿರಿ, ಆಕೆ ಮಾತಾಡಲಿ.